ಏದುಸಿರು ಬಂದರೆ ವಯಸ್ಸನ್ನೇ ಬೈಯಬೇಡಿ

ಚಿತ್ರದುರ್ಗದ ಕೋಟೆಗೆ ಭಾನುವಾರ ಬೆಳಿಗ್ಗೆ ಬರುವವರಲ್ಲಿ ಮೂರು ಥರದವರು ಕಾಣಸಿಗುತ್ತಾರೆ. ಶಾಲಾ ಪ್ರವಾಸಕ್ಕೆ ಬಂದ ಹುಡುಗರು ಗಲಾಟೆ ಮಾಡುತ್ತಲೇ ಏಕನಾಥೇಶ್ವರಿ ಗುಡಿವರೆಗೆ ಹತ್ತಿಬಿಡುತ್ತಾರೆ. ಅವರನ್ನು ಕರೆತಂದ ನಲವತ್ತೈದರ ಮೇಷ್ಟ್ರು ಅರ್ಧ ದಾರಿಯಲ್ಲೇ ಬಂಡೆಗೆ ಒರಗಿ ಕರ್ಚೀಫು ತೆಗೆಯುತ್ತಾರೆ. ಅಷ್ಟರಲ್ಲಿ ಅರವತ್ತೈದು ದಾಟಿದ ಊರಿನ ಹಿರಿಯರೊಬ್ಬರು, ದಿನಾ ನಡೆಯುವ ಅಭ್ಯಾಸವಿರುವವರು, ಮೇಷ್ಟ್ರನ್ನು ದಾಟಿಕೊಂಡು ಮೇಲೆ ಹೋಗಿರುತ್ತಾರೆ. 'ವಯಸ್ಸಾಯ್ತು ನೋಡಿ' ಎನ್ನುವ ಮೇಷ್ಟ್ರ ಸಮಜಾಯಿಷಿ ಆಗ ನಿಲ್ಲುವುದಿಲ್ಲ. ಆ ಹಿರಿಯರಿಗೆ ಇಪ್ಪತ್ತು ವರ್ಷ ಹೆಚ್ಚೇ ಆಗಿದೆ.

ವ್ಯತ್ಯಾಸ ಎಲ್ಲಿದೆ? ಶ್ವಾಸಕೋಶದಲ್ಲಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಏಕೆಂದರೆ ಏದುವುದು ಅಲ್ಲಿ. ಆದರೆ ಕಾಯಿಲೆಯಿಲ್ಲದ ಶ್ವಾಸಕೋಶ ಮೆಟ್ಟಿಲು ಹತ್ತಲು ಬೇಕಾಗುವುದಕ್ಕಿಂತ ಹೆಚ್ಚಿನ ಗಾಳಿಯನ್ನು ಯಾವಾಗಲೂ ಒಳಗೆ ತಂದುಕೊಳ್ಳಬಲ್ಲದು. ಆ ಗಾಳಿಯ ಆಮ್ಲಜನಕವನ್ನು ಕಾಲಿನ ಸ್ನಾಯುವಿಗೆ ಒಯ್ಯುವಲ್ಲಿ ಕೊರತೆ ಬೀಳುತ್ತದೆ. ಒಯ್ಯುವುದು ರಕ್ತ. ಮೈಯಲ್ಲಿ ಒಟ್ಟು ಎಷ್ಟು ರಕ್ತ ಇದೆ ಎಂಬುದು ನಮ್ಮ ದಮ್ಮನ್ನು ನಿರ್ಧರಿಸುವ ದೊಡ್ಡ ಸಂಗತಿಗಳಲ್ಲೊಂದು. ಆ ಪ್ರಮಾಣ ಹುಟ್ಟಿನಿಂದ ಬಂದ ಸ್ಥಿರ ಆಸ್ತಿಯಲ್ಲ. ಮೈ ದಣಿಸಿದರೆ ಅದು ಹೆಚ್ಚುತ್ತದೆ, ಕೂತರೆ ಇಳಿಯುತ್ತದೆ, ವಯಸ್ಸಿನೊಂದಿಗೆ ಸಣ್ಣಗೆ ಸವೆಯುತ್ತದೆ.

ಲೆಕ್ಕ ಸರಳ. ಆರೋಗ್ಯವಂತ ಗಂಡಸಿನ ಮೈಯಲ್ಲಿ ಒಂದು ಕೆಜಿ ತೂಕಕ್ಕೆ ಸುಮಾರು 70 ಮಿಲಿ ಲೀಟರ್ ರಕ್ತವಿರುತ್ತದೆ, ಹೆಂಗಸರಲ್ಲಿ 65ರ ಆಸುಪಾಸು. ಅಂದರೆ 70 ಕೆಜಿಯ ಗಂಡಸಿಗೆ ಐದು ಲೀಟರ್, 55 ಕೆಜಿಯ ಹೆಂಗಸಿಗೆ ಮೂರೂವರೆ ಲೀಟರ್. ಇದರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 55ರಷ್ಟು, ಪ್ಲಾಸ್ಮಾ ಎಂಬ ತಿಳಿದ್ರವ. ಅದರಲ್ಲಿ ಬಹುಪಾಲು ನೀರು, ಜೊತೆಗೆ ಉಪ್ಪು, ಆಲ್ಬುಮಿನ್ ಮೊದಲಾದ ಪ್ರೋಟೀನು. ಉಳಿದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಆಮ್ಲಜನಕ ಹೊರುವ ಕೆಂಪು ರಕ್ತಕಣ. ವರ್ಷಗಟ್ಟಲೆ ದೂರದ ಓಟ, ಸೈಕಲ್ ತುಳಿತ ಅಭ್ಯಾಸ ಮಾಡಿದವರ ಮೈಯಲ್ಲಿ ಅದೇ ತೂಕದ ಸಾಮಾನ್ಯರಿಗಿಂತ ಕಾಲುಭಾಗ, ಕೆಲವೊಮ್ಮೆ ಮೂರನೇ ಒಂದು ಭಾಗದಷ್ಟು ಹೆಚ್ಚು ರಕ್ತ ಇರುವುದನ್ನು ಅಳೆದು ನೋಡಿದ್ದಾರೆ.

ರಕ್ತ ಹೆಚ್ಚಿದ್ದರೆ ಲಾಭವೇನು ಎಂಬುದನ್ನು ಹಿರಿಯೂರಿನವರಿಗೆ ವಿವರಿಸಬೇಕಾಗಿಲ್ಲ. ಅವರ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ತುಂಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ನಡುವಿನ ಬರಗಾಲಗಳಲ್ಲಿ ಮಾರಿಕಣಿವೆಯ ತೂಬನ್ನು ಎಷ್ಟು ಎತ್ತಿದರೂ ನಾಲೆಗೆ ಹರಿದದ್ದು ಕಟ್ಟೆಯಲ್ಲಿ ಇದ್ದಷ್ಟೇ. ಹೃದಯದ್ದೂ ಅದೇ ಪಾಡು. ತನಗೆ ಹಿಂತಿರುಗಿ ಬಂದಷ್ಟನ್ನೇ ಅದು ಮುಂದಕ್ಕೆ ತಳ್ಳಬಲ್ಲದು. ರಕ್ತ ಸಮೃದ್ಧವಾಗಿದ್ದರೆ ಹೃದಯದ ಕೋಣೆ ಪ್ರತಿ ಬಡಿತಕ್ಕೂ ಚೆನ್ನಾಗಿ ತುಂಬಿಕೊಳ್ಳುತ್ತದೆ. ಚೆನ್ನಾಗಿ ಹಿಗ್ಗಿದ ಹೃದಯಸ್ನಾಯು ಅಷ್ಟೇ ಜೋರಾಗಿ ಕುಗ್ಗುತ್ತದೆ. ಒಂದು ಬಡಿತಕ್ಕೆ ಹೆಚ್ಚು ರಕ್ತ ಹೊರಗೆ ಹೋಗುತ್ತದೆ.

ವಯಸ್ಸಾದವರಿಗೆ ಇದು ಇನ್ನೂ ಮುಖ್ಯ. ಹೃದಯ ಬಡಿಯಬಲ್ಲ ಗರಿಷ್ಠ ವೇಗ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಇಪ್ಪತ್ತರಲ್ಲಿ ನಿಮಿಷಕ್ಕೆ 195ರ ಹತ್ತಿರವಿದ್ದದ್ದು ಅರವತ್ತರಲ್ಲಿ 165ರ ಸುಮಾರಿಗೆ ಬರುತ್ತದೆ. ಯಾವ ವ್ಯಾಯಾಮವೂ ಇದನ್ನು ತಡೆಯದು. ಬಡಿತದ ಸಂಖ್ಯೆ ಕಡಿಮೆಯಾದ ಮೇಲೆ ಒಂದೊಂದು ಬಡಿತದಲ್ಲೂ ಹೆಚ್ಚು ರಕ್ತ ಸಾಗಿಸುವುದೇ ಉಳಿದ ದಾರಿ, ಮತ್ತು ಅದಕ್ಕೆ ಮೈಯಲ್ಲಿ ರಕ್ತ ಇರಬೇಕು.

ಮೂರು ವಾರದ ಹಾಸಿಗೆ, ಮೂವತ್ತು ವರ್ಷದ ವಯಸ್ಸು

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ಎದ್ದ ಮೇಲೆ ಅಳೆದಾಗ ಅವರ ಮೈ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಶೇ. 27ರಷ್ಟು ಕುಸಿದಿತ್ತು. ಆಮೇಲೆ ಕೊಟ್ಟ ತರಬೇತಿಯಿಂದ ಅದು ಮೊದಲಿಗಿಂತ ಮೇಲಕ್ಕೆ ಹೋಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 1996ರಲ್ಲಿ ಅದೇ ಐವರನ್ನು, ಈಗ ಐವತ್ತರ ಗಂಡಸರನ್ನು, ಮತ್ತೆ ಕರೆದು ಅಳೆದರು. ಮೂವತ್ತು ವರ್ಷದ ವಯಸ್ಸು ಅವರ ದಮ್ಮನ್ನು ಕಡಿಮೆ ಮಾಡಿದ್ದಕ್ಕಿಂತ ಇಪ್ಪತ್ತರ ಹರೆಯದ ಆ ಮೂರು ವಾರದ ಹಾಸಿಗೆ ಹೆಚ್ಚು ಕುಗ್ಗಿಸಿತ್ತು! ಆರು ತಿಂಗಳ ಹದವಾದ ನಡಿಗೆ, ಜಾಗಿಂಗ್, ಸೈಕಲ್ಲಿನ ಬಳಿಕ ಆ ಮೂವತ್ತು ವರ್ಷದ ನಷ್ಟವೂ ವಾಪಸು ಬಂತು. ಐವರೇ ಜನ, ನಿಜ. ಆದರೆ ಇಷ್ಟು ದೀರ್ಘಕಾಲ ಒಂದೇ ಮೈಗಳನ್ನು ಹಿಂಬಾಲಿಸಿದ ಅಧ್ಯಯನಗಳು ವಿರಳ.

ಮಲಗಿದರೆ ದಮ್ಮಿನ ಜೊತೆ ರಕ್ತವೂ ಇಳಿಯುತ್ತದೆ. ಏಕೆ? ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಜಾರಿರುತ್ತದೆ. ಮಲಗಿದ ಕೂಡಲೇ ಅದೆಲ್ಲ ಎದೆಯ ಕಡೆಗೆ ಬರುತ್ತದೆ. ಹೃದಯದ ಮೇಲಿನ ಕೋಣೆಗಳು ಹಿಗ್ಗಿ 'ನೀರು ಹೆಚ್ಚಾಗಿದೆ' ಎಂದು ತಪ್ಪು ತಿಳಿಯುತ್ತವೆ, ಮೂತ್ರಪಿಂಡಕ್ಕೆ ಹಾರ್ಮೋನಿನ ಸಂದೇಶ ಹೋಗುತ್ತದೆ, ನೀರೂ ಉಪ್ಪೂ ಮೂತ್ರವಾಗಿ ಹೊರಬೀಳುತ್ತವೆ. ಕೆಲವೇ ದಿನಗಳಲ್ಲಿ ಪ್ಲಾಸ್ಮಾ ಶೇ. 10ರಷ್ಟು ಕಡಿಮೆಯಾಗಬಹುದು. ಮಂಡಿ ಆಪರೇಷನ್ ಆದ ಅಥವಾ ಜ್ವರದಲ್ಲಿ ಹದಿನೈದು ದಿನ ಮಲಗಿದ ಅಜ್ಜಿ ಮೊದಲ ಸಲ ಬಚ್ಚಲಿಗೆ ಎದ್ದು ಹೋಗುವಾಗ ಕಣ್ಣು ಕತ್ತಲೆ ಬಂದು ಬೀಳುವುದು ಇದರಿಂದ. 'ಅತ್ತೆ, ದಡಕ್ಕನೆ ಏಳಬ್ಯಾಡ್ರಿ, ಒಂದೀಟು ಕುಂತು ಏಳ್ರಿ' ಎಂದು ಸೊಸೆ ಹೇಳುವ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಅಂಕ ಇಳಿದರೆ ವೈದ್ಯರು ಅದನ್ನು ಕಾಯಿಲೆಯೆಂದೇ ಎಣಿಸುತ್ತಾರೆ. ಹಿರಿಯರ ಬಿಪಿಯನ್ನು ಕೂತಾಗ ಒಮ್ಮೆ, ನಿಂತಾಗ ಒಮ್ಮೆ ನೋಡಿಸುವುದು ಒಳ್ಳೆಯದು. ಕೇಳದಿದ್ದರೆ ಹೆಚ್ಚಿನ ಕಡೆ ಯಾರೂ ನಿಲ್ಲಿಸಿ ನೋಡುವುದಿಲ್ಲ.

ವ್ಯಾಯಾಮದಲ್ಲಿ ಇದೇ ಯಂತ್ರ ತಿರುವುಮುರುವಾಗಿ ಓಡುತ್ತದೆ. ಮೈ ಬಿಸಿಯಾಗಿ ಬೆವರಿ, ಪ್ಲಾಸ್ಮಾದ ಒಂದಿಷ್ಟು ನೀರು ಹೊರಗೆ ಹೋದಾಗ ಮೂತ್ರಪಿಂಡ ಉಪ್ಪು, ನೀರನ್ನು ಬಿಗಿಹಿಡಿಯುತ್ತದೆ. ಯಕೃತ್ತು ಆಲ್ಬುಮಿನ್ ಹೆಚ್ಚು ತಯಾರಿಸುತ್ತದೆ, ಅದು ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ. ಯುವಕರಲ್ಲಿ ವಾರದೊಳಗೇ ಪ್ಲಾಸ್ಮಾ ಶೇ. 10ರಷ್ಟು ಏರಿದ್ದನ್ನು ಅಳೆಯಲಾಗಿದೆ. ಕೆಂಪುಕಣಗಳದ್ದು ಮಾತ್ರ ಆತುರವಿಲ್ಲದ ಕೆಲಸ. ಮೂತ್ರಪಿಂಡದ ಎರಿಥ್ರೋಪೊಯಿಟಿನ್ ಹಾರ್ಮೋನು ಅಸ್ಥಿಮಜ್ಜೆಯನ್ನು ಎಬ್ಬಿಸಿ ಹೊಸ ಕಣ ಹೊರಡಿಸಿ ಅದು ಅಳತೆಗೆ ಸಿಗಲು ಮೂರು ನಾಲ್ಕು ವಾರವಾದರೂ ಬೇಕು.

ರಕ್ತ ಹೆಚ್ಚಿದ್ದರಿಂದ ದಮ್ಮು ಬಂತೋ, ದಮ್ಮು ಇದ್ದವರಲ್ಲಿ ರಕ್ತ ಸುಮ್ಮನೆ ಹೆಚ್ಚಿರುತ್ತದೋ? ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದವರು ಇದಕ್ಕೆ ನೇರವಾದ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ವಾರ ತರಬೇತಿ ಕೊಟ್ಟು, ಅದರಿಂದ ಹೆಚ್ಚಿದಷ್ಟು ಕೆಂಪುಕಣಗಳನ್ನು ರಕ್ತ ತೆಗೆದು ಕಡಿಮೆ ಮಾಡಿದರು. ಗಳಿಸಿದ ಸಾಮರ್ಥ್ಯ ಹೊರಟಲ್ಲಿಗೇ ವಾಪಸಾಯಿತು, ಸ್ನಾಯುಗಳು ಸುಧಾರಿಸಿದ್ದರೂ ಸಹ. ರಕ್ತದಾನಿಗಳಿಗೆ ಇದು ಅನುಭವದ ಮಾತು. 350 ಮಿಲಿ ಕೊಟ್ಟು ಬಂದ ಮರುದಿನ ಓಡಲು ಹೋದರೆ ಎಂದಿಲ್ಲದ ಸುಸ್ತು. ದ್ರವಾಂಶ ಒಂದೆರಡು ದಿನದಲ್ಲಿ ತುಂಬಿಕೊಂಡರೂ ಕೆಂಪುಕಣ ಸರಿದೂಗಲು ವಾರಗಳು ಹಿಡಿಯುತ್ತವೆ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರವಿರಬೇಕೆಂಬ ನಿಯಮ ಇರುವುದು ಅದಕ್ಕೇ. (ಇದನ್ನು ಓದಿ ಯಾರೂ ರಕ್ತದಾನ ನಿಲ್ಲಿಸಬೇಡಿ. ಮರುದಿನದ ಓಟ ಮಾತ್ರ ನಿಲ್ಲಿಸಿ.)

ತೋಟದ ಕೆಲಸ ಸಾಲದೇ?

ಹೊಳಲ್ಕೆರೆ, ಹೊಸದುರ್ಗದ ಕಡೆ ವಾಕಿಂಗ್ ಮಾತೆತ್ತಿದರೆ ನಗುವವರೇ ಹೆಚ್ಚು. 'ಬೆಳಗಿಂದ ಸಂಜೆ ತನಕ ತೋಟದಾಗೇ ಇರ್ತೀವಿ, ಇನ್ನೆಂಥ ವಾಕಿಂಗು?' ಮಾತು ಅರ್ಧ ಸರಿ. ನೇಗಿಲು ಹಿಡಿದು, ಸೇದಿ ನೀರು ಹೊತ್ತು ಬದುಕಿದ ತಲೆಮಾರಿಗೆ ಬೇರೆ ವ್ಯಾಯಾಮ ಬೇಕಿರಲಿಲ್ಲ. ಈಗ ಉಳುವುದು ಟ್ರ್ಯಾಕ್ಟರ್, ನೀರು ಬಿಡುವುದು ಡ್ರಿಪ್, ಅಡಿಕೆ ಸುಲಿಯುವುದು ಯಂತ್ರ, ತೋಟಕ್ಕೆ ಹೋಗಿಬರುವುದು ಟಿವಿಎಸ್ ಎಕ್ಸೆಲ್ಲು. ದಿನವಿಡೀ ತೋಟದಲ್ಲಿದ್ದರೂ ಒಮ್ಮೆಯೂ ಏದುಸಿರು ಬರದಿದ್ದರೆ ಮೂತ್ರಪಿಂಡಕ್ಕೂ ಅಸ್ಥಿಮಜ್ಜೆಗೂ ಸುದ್ದಿ ಮುಟ್ಟಿರುವುದಿಲ್ಲ. ಗೊನೆ ಕೊಯ್ಯಲು ಮರ ಹತ್ತುವವನಿಗೆ, ತಲೆಹೊರೆ ಹೊರುವ ಹೆಣ್ಣಾಳಿಗೆ ಈ ಲೇಖನ ಬೇಡ. ಅವರಿಗೆ ಬೇಕಾದದ್ದು ಊಟ, ನೀರು, ನೆರಳು.

ಯೋಗದ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ, ಈ ಸೀಮೆಯಲ್ಲಂತೂ ಬರಲೇಬೇಕು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದ, 'ತಿರುಕ' ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿ ಊರೂರಿಗೆ ಹೋಗಿ ವ್ಯಾಯಾಮ, ಯೋಗದ ಶಿಬಿರ ನಡೆಸಿದವರು. ನೂರರ ಆಚೆಗೂ ಬದುಕಿ 1996ರಲ್ಲಿ ತೀರಿಕೊಂಡರು. ಅವರ ಪರಂಪರೆಯಲ್ಲಿ ಕಲಿತವರು ಜಿಲ್ಲೆಯ ತುಂಬ ಇದ್ದಾರೆ. ಅಲ್ಲಿ ಆಸನಕ್ಕೆ ಮುಂಚೆ ಮೈಮುರಿಯುವ ವ್ಯಾಯಾಮವೂ ಇತ್ತು ಎಂಬುದನ್ನು ಇಂದಿನ ಯೋಗ ತರಗತಿಗಳು ಮರೆತಂತಿದೆ. ನಿಧಾನವಾಗಿ ಮಾಡುವ ಆಸನ ಕೀಲುಗಳನ್ನು ಸಡಿಲವಾಗಿಡುತ್ತದೆ, ಬೀಳದಂತೆ ಸಮತೋಲ ಕೊಡುತ್ತದೆ. ಆದರೆ ದಮ್ಮು ಕೇಳುವ ಕೆಲಸ ಅದಲ್ಲ. ಸೂರ್ಯನಮಸ್ಕಾರವನ್ನು ನಿಲ್ಲಿಸದೆ, ಬೆವರು ಬರುವ ವೇಗದಲ್ಲಿ ಮಾಡಿದರೆ ಮಾತು ಬೇರೆ.

ಎಷ್ಟು, ಹೇಗೆ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಅರವತ್ತೈದು ದಾಟಿದವರಿಗೂ ಅಷ್ಟೇ, ಜೊತೆಗೆ ವಾರಕ್ಕೆ ಮೂರು ದಿನ ಸಮತೋಲದ ಅಭ್ಯಾಸ. ಮಧ್ಯಮ ಶ್ರಮ ಎಂದರೆ ಜೊತೆಗಾರರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕಿಂತ ಸುಲಭದ ಅಳತೆಗೋಲು ಇನ್ನೊಂದಿಲ್ಲ, ಕೈಗೆ ಕಟ್ಟುವ ವಾಚಿನ ಖರ್ಚೂ ಇಲ್ಲ.

ಬರೀ ಅಡ್ಡಾಡುವುದಕ್ಕಿಂತ ಉಪಯುಕ್ತವಾದ ಒಂದು ಕ್ರಮ ಜಪಾನಿನಿಂದ ಬಂದಿದೆ. ಮತ್ಸುಮೊತೊ ನಗರದ ಶಿನ್ಶು ವಿಶ್ವವಿದ್ಯಾಲಯದವರು ನಡುವಯಸ್ಸಿನವರಿಗೂ ಹಿರಿಯರಿಗೂ ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ, ಹೀಗೆ ಐದು ಸುತ್ತು, ವಾರಕ್ಕೆ ನಾಲ್ಕು ದಿನ ನಡೆಸಿದರು. ಐದು ತಿಂಗಳಲ್ಲಿ ಅವರ ದಮ್ಮು, ತೊಡೆಯ ಬಲ ಎರಡೂ ಏರಿದವು, ಬಿಪಿ ಇಳಿಯಿತು. ಒಂದೇ ಹದದಲ್ಲಿ ನಡೆದವರಿಗೆ ಅಷ್ಟು ಲಾಭ ಸಿಗಲಿಲ್ಲ. ಚಿತ್ರದುರ್ಗದವರಿಗೆ ಚಂದ್ರವಳ್ಳಿಯ ದಾರಿ, ಜೋಗಿಮಟ್ಟಿಯ ಏರು, ಓಬವ್ವ ಕ್ರೀಡಾಂಗಣ ಇವೆ. ಹಳ್ಳಿಯವರಿಗೆ ಕೆರೆ ಏರಿಯೇ ಸಾಕು. ಕೋಟೆ ಹತ್ತುವುದನ್ನು ಮೊದಲ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಸವೆದ ಕಲ್ಲಿನ ಮೆಟ್ಟಿಲು ಇಳಿಯುವಾಗ ಮಂಡಿಗೆ ಬೀಳುವ ಭಾರವೇ ಹೆಚ್ಚು.

ಅದೇ ಜಪಾನಿನ ತಂಡ ಇನ್ನೊಂದು ವಿಷಯ ಗಮನಿಸಿತು. ವಯಸ್ಸಾದ ಮೈ ವ್ಯಾಯಾಮಕ್ಕೆ ರಕ್ತ ಹೆಚ್ಚಿಸಿಕೊಳ್ಳುವುದು ಯುವಕರಷ್ಟು ಸಲೀಸಲ್ಲ. ಎಂಟು ವಾರ ತರಬೇತಿ ಪಡೆದ ಅರವತ್ತೈದು ದಾಟಿದ ಗಂಡಸರಲ್ಲಿ, ವ್ಯಾಯಾಮ ಮುಗಿದ ತಕ್ಷಣ ಪ್ರೋಟೀನು, ಸಕ್ಕರೆ ಇರುವ ಪೇಯ ಕುಡಿದವರ ಪ್ಲಾಸ್ಮಾ ಏರಿತು, ಕುಡಿಯದವರದ್ದು ಏರಲಿಲ್ಲ. ಇದಕ್ಕೆ ಡಬ್ಬಿಯ ಪೌಡರು ತರಬೇಕಿಲ್ಲ. ವಾಕಿಂಗ್ ಮುಗಿಸಿ ಬಂದು ಒಂದು ಲೋಟ ಹಾಲು, ಇಲ್ಲವೇ ಬೆಲ್ಲದ ಜೊತೆ ಒಂದು ಹಿಡಿ ಹುರಿದ ಶೇಂಗಾ. ಶೇಂಗಾ ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಹೇಳಬೇಕಾಗಿ ಬಂದದ್ದೇ ಸೋಜಿಗ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಿ.

ನೀರಿನ ವಿಷಯಕ್ಕೆ ಬಂದರೆ, ಹಿರಿಯರ ಬಾಯಾರಿಕೆಯನ್ನು ನಂಬುವಂತಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಎಪ್ಪತ್ತರ ಆಸುಪಾಸಿನ ಗಂಡಸರನ್ನೂ ಯುವಕರನ್ನೂ ಒಂದು ಇಡೀ ದಿನ ನೀರಿಲ್ಲದೆ ಇರಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿರಿಯರಿಗೆ ಬಾಯಾರಿಕೆಯೇ ಕಡಿಮೆ ಆಗಿತ್ತು, ನೀರು ಕೊಟ್ಟಾಗ ಕುಡಿದದ್ದೂ ಕಡಿಮೆ. ಮೂತ್ರಪಿಂಡಕ್ಕೂ ನೀರು ಉಳಿಸುವ ಶಕ್ತಿ ಆ ವಯಸ್ಸಿನಲ್ಲಿ ಕುಂದಿರುತ್ತದೆ. ಏಪ್ರಿಲ್‌ನಲ್ಲಿ ಹಿರಿಯೂರಿನ ಬಿಸಿಲು 40 ಡಿಗ್ರಿಯ ಹತ್ತಿರ ಹೋದಾಗ ಈ ಎರಡೂ ಸೇರಿದರೆ ಅಪಾಯ. ಆದ್ದರಿಂದ ಬಾಯಾರಲಿ ಬಿಡಲಿ ಬೆಳಿಗ್ಗೆ ಎದ್ದೊಡನೆ, ನಡಿಗೆಗೆ ಮುಂಚೆ, ಬಂದ ಮೇಲೆ ನೀರು ಕುಡಿಯುವ ರೂಢಿ ಇಟ್ಟುಕೊಳ್ಳಬೇಕು. ಹೊತ್ತೇರಿದ ಮೇಲೆ ಚಿಟಿಕೆ ಉಪ್ಪಿನ ನೀರುಮಜ್ಜಿಗೆಗೆ ಸಾಟಿಯಿಲ್ಲ. ಹೊಸದುರ್ಗದ ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು. ಬೇಸಿಗೆಯಲ್ಲಿ ನಡಿಗೆ ಶುರು ಮಾಡುವವರು ಮೊದಲ ಎರಡು ವಾರ ಹೊತ್ತು ಹುಟ್ಟುವ ಮುಂಚೆ, ಸ್ವಲ್ಪ ಸ್ವಲ್ಪವೇ ನಡೆಯಲಿ. ಮೈ ಬಿಸಿಲಿಗೆ ಹೊಂದಿಕೊಳ್ಳುವುದೂ ಪ್ಲಾಸ್ಮಾ ಹೆಚ್ಚಿಸಿಕೊಂಡೇ, ಅದಕ್ಕೆ ಒಂದೆರಡು ವಾರ ಬೇಕು.

ಇಷ್ಟೆಲ್ಲ ಮಾಡಿದರೂ ಕೆಂಪುಕಣ ಕಟ್ಟಲು ಕಬ್ಬಿಣವಿಲ್ಲದಿದ್ದರೆ ಅಸ್ಥಿಮಜ್ಜೆ ಏನು ಮಾಡೀತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಅವರಿಗೆ 'ಬಿರುಸಾಗಿ ನಡೆಯಿರಿ' ಎನ್ನುವ ಮೊದಲು ಹೇಳಬೇಕಾದದ್ದು ಪರೀಕ್ಷೆ, ಮಾತ್ರೆ, ಊಟ. ಹುರುಳಿಕಾಳು, ಸೊಪ್ಪಿನ ಸಾರಿನ ಮೇಲೆ ಅರ್ಧ ಹೋಳು ನಿಂಬೆ ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಅಷ್ಟು ಹತ್ತುವುದಿಲ್ಲ. ಮುಟ್ಟು ನಿಂತ ಮೇಲೆ ರಕ್ತ ನಷ್ಟ ನಿಲ್ಲುತ್ತದೆ, ಆಮೇಲೂ ಮೈಯಲ್ಲಿ ರಕ್ತ ಕಡಿಮೆಯಾಗುವುದಕ್ಕೆ ಕೂತಿರುವುದೂ ಒಂದು ಕಾರಣ. ಅಮೆರಿಕದ ಕೊಲರಾಡೊದಲ್ಲಿ 1990ರ ದಶಕದಲ್ಲಿ ಅಳೆದು ನೋಡಿದಾಗ ಮುಟ್ಟು ನಿಂತ ಮೇಲೂ ಓಟದ ಅಭ್ಯಾಸ ಬಿಡದ ಮಹಿಳೆಯರಲ್ಲಿ ಅದೇ ವಯಸ್ಸಿನ ಅಭ್ಯಾಸವಿಲ್ಲದವರಿಗಿಂತ ರಕ್ತದ ಒಟ್ಟು ಪ್ರಮಾಣ ಹೆಚ್ಚಿತ್ತು.

ಲ್ಯಾಬಿನ ಚೀಟಿ ಓದುವಾಗ ಒಂದು ಎಚ್ಚರ ಬೇಕು. ಅದರಲ್ಲಿರುವ ಹಿಮೋಗ್ಲೋಬಿನ್ ಅಂಕಿ ನೂರು ಮಿಲಿ ರಕ್ತದಲ್ಲಿ ಎಷ್ಟು ಗ್ರಾಂ ಎಂಬುದನ್ನಷ್ಟೇ ಹೇಳುತ್ತದೆ, ಮೈಯಲ್ಲಿ ರಕ್ತ ಎಷ್ಟಿದೆ ಎಂಬುದನ್ನಲ್ಲ. ಭೇದಿಯಾಗಿ ನೀರು ಬತ್ತಿದವರ ಅಂಕಿ ಮೇಲೆ ಕಾಣುತ್ತದೆ. ಹೊಸದಾಗಿ ವ್ಯಾಯಾಮ ಶುರು ಮಾಡಿದವರ ಪ್ಲಾಸ್ಮಾ ಮೊದಲು ಏರುವುದರಿಂದ ಅಂಕಿ ತುಸು ಇಳಿದಂತೆ ಕಾಣಬಹುದು. ಹಾಗಂತ ಇಳಿದ ಅಂಕಿಯನ್ನು 'ವಾಕಿಂಗ್ ಮಾಡಿದ್ದಕ್ಕೆ' ಎಂದು ತಳ್ಳಿಹಾಕಲೂ ಬಾರದು. ಗಂಡಸರಿಗೆ 13, ಹೆಂಗಸರಿಗೆ 12 ಗ್ರಾಂಗಿಂತ ಕೆಳಗಿದ್ದರೆ ವೈದ್ಯರಿಗೆ ತೋರಿಸಿ. ವಯಸ್ಸಾದ ಗಂಡಸಿನಲ್ಲಿ ಇದ್ದಕ್ಕಿದ್ದಂತೆ ಕಂಡ ರಕ್ತಹೀನತೆ ಹೊಟ್ಟೆ, ಕರುಳಿನೊಳಗೆ ರಕ್ತ ಸೋರುತ್ತಿರುವ ಸುಳಿವಾಗಿರಬಹುದು. ಒಟ್ಟು ರಕ್ತವನ್ನು ಅಳೆಯಲು ಸಂಶೋಧಕರು ಅತಿ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಉಸಿರಾಡಿಸಿ ಅದು ರಕ್ತದಲ್ಲಿ ಎಷ್ಟು ತೆಳುವಾಗಿ ಹರಡಿದೆ ಎಂದು ನೋಡುತ್ತಾರೆ. ಅದು ಸಂಶೋಧನಾಲಯದ ಕೆಲಸ, ನಮ್ಮೂರಿನ ಲ್ಯಾಬಿನಲ್ಲಿ ಕೇಳಿ ಪ್ರಯೋಜನವಿಲ್ಲ.

ಹೃದಯ ಸೋತಿರುವವರಿಗೆ, ಮೂತ್ರಪಿಂಡ ಕೈಕೊಟ್ಟವರಿಗೆ ಮಾತ್ರ ಇದೆಲ್ಲ ಉಲ್ಟಾ. ಅವರ ಮೈಯಲ್ಲಿ ದ್ರವ ಹೆಚ್ಚುವುದೇ ಕಾಯಿಲೆ. ಕಾಲು ಬಾವು, ಮಲಗಿದರೆ ಉಬ್ಬಸ ಇರುವವರು ನೀರನ್ನೂ ಉಪ್ಪನ್ನೂ ವೈದ್ಯರು ಹೇಳಿದ ಮಿತಿಯಲ್ಲೇ ತೆಗೆದುಕೊಳ್ಳಬೇಕು. ಬಿಪಿಗೆಂದು ಮೂತ್ರ ಹೆಚ್ಚು ಹೋಗುವ ಮಾತ್ರೆ ತೆಗೆದುಕೊಳ್ಳುವವರು ಬಿಸಿಲುಗಾಲದಲ್ಲಿ ತಲೆಸುತ್ತು ಬಂದರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ಡಾಕ್ಟರನ್ನು ಕಾಣಲಿ. ಏರು ಹತ್ತುವಾಗ ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಹರಿದರೆ ಅದು ದಮ್ಮಿನ ಪ್ರಶ್ನೆಯೇ ಅಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಶುರು ಮಾಡುವ ಮನಸ್ಸಿದ್ದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ಹಿಮೋಗ್ಲೋಬಿನ್, ಕೂತ ಬಿಪಿ, ನಿಂತ ಬಿಪಿ ಮೂರನ್ನೂ ನೋಡಿಸಿ, ಚೀಟಿಯನ್ನು ಜೋಪಾನವಾಗಿಡಲಿ. ಕೆಂಪುಕಣದ ಆಯಸ್ಸು ಸುಮಾರು 120 ದಿನ. ಅದಕ್ಕೇ ನಾಲ್ಕು ತಿಂಗಳು ಬಿಡದೆ ನಡೆದು ಮತ್ತೊಮ್ಮೆ ಅದೇ ಮೂರನ್ನು ಮಾಡಿಸಿ, ಎರಡೂ ಚೀಟಿಗಳನ್ನು ನಿಮ್ಮ ವೈದ್ಯರ ಮುಂದಿಡಿ.